ಸೊಂಟಕ್ಕೆ ಎಲಾಸ್ಟಿಕ್ ಇರುವ ಸರಳ ಸ್ಕರ್ಟ್: ಬಟ್ಟೆಯ ಅಗಲ ಎಷ್ಟಿರಬೇಕು, ಎಲಾಸ್ಟಿಕ್ ಎಷ್ಟು ಉದ್ದವಿರಬೇಕು?

ಪ್ರಶ್ನೆ: ಹೊಸಸೂಜಿ

ಎಲ್ಲರಿಗೂ ನಮಸ್ಕಾರ. ದಿಂಬಿನ ಹೊದಿಕೆ, ಪರದೆ, ಬಟ್ಟೆಯ ಚೀಲ ಮುಂತಾದ ನೇರ ಹೊಲಿಗೆಯ ಕೆಲಸಗಳು ನನಗೆ ರೂಢಿಯಾಗಿವೆ. ಆದರೆ ಮೈಮೇಲೆ ಧರಿಸುವ ಉಡುಪನ್ನು ಇದುವರೆಗೆ ಹೊಲಿದಿಲ್ಲ. ಜಿಪ್, ಗುಂಡಿ, ಡಾರ್ಟ್ (ಆಕಾರಕ್ಕಾಗಿ ಹಾಕುವ ಮೊನಚಾದ ಮಡಿಕೆ) ಯಾವುದೂ ಬೇಕಿಲ್ಲದ, ಸೊಂಟದ ಮಡಿಕೆಯೊಳಗೆ ಎಲಾಸ್ಟಿಕ್ ತೂರಿಸುವ ಸ್ಕರ್ಟ್ ಕಲಿಯುವವರಿಗೆ ಅನುಕೂಲವೆಂದು ತೋರಿದ್ದರಿಂದ ಅದರಿಂದಲೇ ಆರಂಭಿಸಬೇಕೆಂದಿದ್ದೇನೆ.

ನನ್ನ ಸೊಂಟದ ಸುತ್ತಳತೆ 76 ಸೆಂ.ಮೀ., ನಿತಂಬದ ಸುತ್ತಳತೆ 102 ಸೆಂ.ಮೀ. ಸ್ಕರ್ಟ್ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬರುವಂತೆ, ಅಂದರೆ 70 ಸೆಂ.ಮೀ. ಉದ್ದವಿರಬೇಕು. 112 ಸೆಂ.ಮೀ. ಪನ್ನದ (ಅಗಲದ) ಹತ್ತಿಯ ಪಾಪ್ಲಿನ್ ಬಟ್ಟೆ ಎರಡು ಮೀಟರ್ ಇದೆ, 2.5 ಸೆಂ.ಮೀ. ಅಗಲದ ಎಲಾಸ್ಟಿಕ್ ಇದೆ. ನನ್ನ ಹೊಲಿಗೆ ಯಂತ್ರದಲ್ಲಿ ನೇರ ಹೊಲಿಗೆ ಮಾತ್ರ ಬರುತ್ತದೆ. ಜಿಗ್‌ಜಾಗ್ ಇಲ್ಲ, ಬಟ್ಟೆಯ ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಯಂತ್ರವೂ ಇಲ್ಲ.

ಗೊಂದಲವಿರುವುದು ಲೆಕ್ಕದಲ್ಲಿ. ಬಟ್ಟೆಯ ಸುತ್ತು ಸೊಂಟದ ಎರಡರಷ್ಟಿರಬೇಕೆಂದು ಕೆಲವರು ಹೇಳುತ್ತಾರೆ, ನಿತಂಬದ ಒಂದೂವರೆ ಪಟ್ಟು ಸಾಕೆಂದು ಇನ್ನು ಕೆಲವರು ಹೇಳುತ್ತಾರೆ. ಎಲಾಸ್ಟಿಕ್ ಅನ್ನು ಸೊಂಟದಷ್ಟೇ ಕತ್ತರಿಸಬೇಕೋ, ಹತ್ತು ಸೆಂಟಿಮೀಟರ್ ಕಡಿಮೆ ಮಾಡಬೇಕೋ ತಿಳಿಯುತ್ತಿಲ್ಲ. ಸಿದ್ಧ ಉಡುಪಿನ ಅಂಗಡಿಯಲ್ಲಿ ಕೊಂಡ ಇಂತಹದೇ ಸ್ಕರ್ಟ್ ಒಂದರಲ್ಲಿ ಎಲಾಸ್ಟಿಕ್ ಒಳಗೇ ಹೊರಳಿ ಹಗ್ಗದಂತಾಗುತ್ತದೆ, ಸೊಂಟದ ಸುತ್ತ ಬಟ್ಟೆ ಉಬ್ಬಿಕೊಂಡು ಕಾಣುತ್ತದೆ. ಈ ಎರಡು ತೊಂದರೆಗಳು ಬಾರದಂತೆ ಹೊಲಿಯುವುದು ಹೇಗೆಂದು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ: ದಾರದುಂಡೆ

ನಮಸ್ಕಾರ. ನಿಮ್ಮ ಗೊಂದಲಕ್ಕೆ ಮೂಲವೆಂದರೆ ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೆಂದು ಭಾವಿಸಿರುವುದು. ಜಿಪ್ ಇಲ್ಲದ ಸ್ಕರ್ಟ್ ನಿತಂಬವನ್ನು ದಾಟಿಯೇ ಸೊಂಟಕ್ಕೆ ಏರಬೇಕಾದ್ದರಿಂದ, ಅದರ ಮೇಲ್ತುದಿಯ ಬಟ್ಟೆ ಎಷ್ಟು ಅಗಲವಿರಬೇಕೆಂಬುದನ್ನು ನಿತಂಬದ ಅಳತೆಯಿಂದಲೇ ತಿಳಿಯಬೇಕು. ಏರಿದ ಸ್ಕರ್ಟ್ ಜಾರದೆ ನಿಲ್ಲಲು ಎಲಾಸ್ಟಿಕ್ ಎಷ್ಟು ಬಿಗಿಯಿರಬೇಕೆಂಬುದಕ್ಕೆ ಮಾತ್ರ ಸೊಂಟದ ಅಳತೆ ಬೇಕು. ಸ್ಕರ್ಟ್‌ಗೆ ಆಕಾರ ಕೊಡುವ ಕೆಲಸ ಬಟ್ಟೆಯದು, ಎಲಾಸ್ಟಿಕ್‌ನದಲ್ಲ. ಉಬ್ಬಿದ ಸೊಂಟವನ್ನು ಇನ್ನೂ ಬಿಗಿಯಾದ ಎಲಾಸ್ಟಿಕ್ ಹಾಕಿ ಸರಿಪಡಿಸಲು ಹೋದರೆ ನೆರಿಗೆಗಳು ಒತ್ತೊತ್ತಾಗಿ ಇನ್ನಷ್ಟು ಉಬ್ಬುತ್ತದೆ.

ನೀವು ಕೇಳಿದ ಎರಡು ಸೂತ್ರಗಳು ನಿಮ್ಮ ಅಳತೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ: 76ರ ಎರಡರಷ್ಟು 152, 102ರ ಒಂದೂವರೆ ಪಟ್ಟು 153. ಆದರೆ ಸೊಂಟ 60, ನಿತಂಬ 110 ಇರುವವರು ಸೊಂಟದ ಸೂತ್ರವನ್ನು ನಂಬಿದರೆ 120 ಸೆಂ.ಮೀ. ಸುತ್ತಿನ ಸ್ಕರ್ಟ್ ಸಿಗುತ್ತದೆ. ಅದು ನಿತಂಬದ ಬಳಿ ಹತ್ತು ಸೆಂಟಿಮೀಟರ್ ಮಾತ್ರ ಸಡಿಲವಿದ್ದು ಕೆಳಗೂ ಅಷ್ಟೇ ಇರುವುದರಿಂದ ನಡೆಯಲು ತೊಡಕಾಗುತ್ತದೆ. ಸೊಂಟಕ್ಕೂ ನಿತಂಬಕ್ಕೂ ಹೆಚ್ಚು ವ್ಯತ್ಯಾಸವಿಲ್ಲದವರಿಗೆ ಅದೇ ಸೂತ್ರ ಅನಗತ್ಯವಾಗಿ ಬಟ್ಟೆ ತುಂಬಿಸುತ್ತದೆ. ಆದ್ದರಿಂದ ನಿತಂಬದ ಸೂತ್ರವನ್ನೇ ಇಟ್ಟುಕೊಂಡು, ಬಟ್ಟೆಯ ಗುಣ ನೋಡಿ ಪಟ್ಟನ್ನು ಬದಲಿಸುವುದು ಉತ್ತಮ. ಮಲ್‌ಮಲ್‌ನಂತಹ ತೆಳುವಾದ ಹತ್ತಿಯಾದರೆ ಎರಡು ಪಟ್ಟು ಹಾಕಿದರೂ ನೆರಿಗೆ ಮೃದುವಾಗಿ ಇಳಿಯುತ್ತದೆ. ಪಾಪ್ಲಿನ್‌ಗೆ ಸ್ವಲ್ಪ ಗಡಸುತನವಿರುವುದರಿಂದ ಒಂದೂವರೆಯೇ ಮೇಲಿನ ಮಿತಿ. ನನ್ನ ಮಟ್ಟಿಗೆ ಒಂದೂಕಾಲು ಕೂಡ ಚೆನ್ನಾಗಿಯೇ ಕಾಣುತ್ತದೆ. ಡೆನಿಮ್‌ನಂತಹ ದಪ್ಪ ಬಟ್ಟೆಗೆ ಈ ವಿಧಾನ ಒಗ್ಗುವುದೇ ಇಲ್ಲವೆಂದರೂ ತಪ್ಪಿಲ್ಲ.

ಕತ್ತರಿಸುವ ಮೊದಲು ಬಟ್ಟೆಯನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ, ಮತ್ತು ಆ ಕುಗ್ಗುವಿಕೆ ಹೆಚ್ಚಾಗಿ ಹಾಸಿನ ದಿಕ್ಕಿನಲ್ಲಿ, ಅಂದರೆ ಸ್ಕರ್ಟ್‌ನ ಉದ್ದದಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಒಂದು ಹೊಕ್ಕಿನ ಎಳೆಯನ್ನು, ಅಂದರೆ ಅಡ್ಡಕ್ಕೆ ಸಾಗುವ ಎಳೆಯನ್ನು, ಎಳೆದು, ಅದು ಬಿಟ್ಟ ಗೆರೆಯ ಮೇಲೆ ಕತ್ತರಿಸಿ ಬಟ್ಟೆಯ ತುದಿಯನ್ನು ನೇರಮಾಡಿ. ಅಂಗಡಿಯಲ್ಲಿ ಕತ್ತರಿಸಿದ ತುದಿ ಬಹಳಷ್ಟು ಸಲ ಓರೆಯಾಗಿರುತ್ತದೆ, ಅದನ್ನೇ ನಂಬಿ ಅಳೆದರೆ ಸ್ಕರ್ಟ್‌ನ ಕೆಳ ಅಂಚೂ ಓರೆಯಾಗುತ್ತದೆ.

ನಿಮಗೆ ಬೇಕಾಗುವುದು ಆಯತಾಕಾರದ ಎರಡು ತುಂಡುಗಳು. ಉದ್ದಕ್ಕೆ 70 ಸೆಂ.ಮೀ., ಅದರ ಮೇಲೆ ಎಲಾಸ್ಟಿಕ್‌ನ ಮಡಿಕೆಗೆ 4, ಕೆಳ ಅಂಚಿನ ಮಡಿಕೆಗೆ 4, ಒಟ್ಟು 78 ಸೆಂ.ಮೀ. ಅಗಲಕ್ಕೆ 153ರ ಅರ್ಧಕ್ಕೆ ಎರಡು ಬದಿಯ ಹೊಲಿಗೆಗೆಂದು ಒಂದೂವರೆ ಒಂದೂವರೆ ಸೇರಿಸಿದರೆ ಸುಮಾರು 80 ಸೆಂ.ಮೀ. ಎರಡು ತುಂಡುಗಳನ್ನು ಬಟ್ಟೆಯ ಉದ್ದಕ್ಕೆ ಒಂದರ ಕೆಳಗೊಂದು ಇಟ್ಟರೆ 156 ಸೆಂ.ಮೀ. ಬೇಕು, ಎರಡು ಮೀಟರ್ ಬಟ್ಟೆ ಒಗೆದು ಕುಗ್ಗಿದ ಮೇಲೂ ಧಾರಾಳವಾಗಿ ಸಾಲುತ್ತದೆ, ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ ಜೇಬುಗಳಾಗುತ್ತವೆ. ಅಂಚಿನ ಬಿಗಿಯಾದ ನೇಯ್ಗೆಯನ್ನು ಹೊಲಿಗೆಯೊಳಗೆ ಸೇರಿಸಬೇಡಿ, ಒಗೆದಾಗ ಅದು ಬಟ್ಟೆಯನ್ನು ಜಗ್ಗುತ್ತದೆ. ಒಂದೇ ದಿಕ್ಕಿಗೆ ತಲೆಯಿರುವ ಹೂವು ಬಳ್ಳಿಗಳ ಅಚ್ಚು ಇದ್ದರೆ ಎರಡೂ ತುಂಡುಗಳ ಮೇಲ್ತುದಿ ಒಂದೇ ಕಡೆಗಿರಲಿ.

ಮೇಲಿನ 4 ಸೆಂ.ಮೀ. ಎಲ್ಲಿಂದ ಬಂತೆಂದು ಹೇಳಬೇಕು, ಏಕೆಂದರೆ ಎಲಾಸ್ಟಿಕ್ ಹೊರಳುವುದಕ್ಕೂ ಅದಕ್ಕೂ ಸಂಬಂಧವಿದೆ. ಕಚ್ಚಾ ಅಂಚನ್ನು ಮೊದಲು 1 ಸೆಂ.ಮೀ. ಒಳಕ್ಕೆ ಮಡಿಸಿ ಇಸ್ತ್ರಿ ಹಾಕಿ, ನಂತರ 3 ಸೆಂ.ಮೀ. ಮಡಿಸಿ, ಒಳ ಮಡಿಕೆಯ ತುದಿಯಿಂದ 2 ಮಿ.ಮೀ. ಬಿಟ್ಟು ಹೊಲಿದರೆ ಒಳಗೆ 2.8 ಸೆಂ.ಮೀ. ಜಾಗ ಉಳಿಯುತ್ತದೆ, 2.5 ಸೆಂ.ಮೀ. ಎಲಾಸ್ಟಿಕ್‌ಗೆ ಇದು ತಕ್ಕ ಅಳತೆ. ಇದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚು ಸಡಿಲ ಬಿಟ್ಟರೂ ಕುಳಿತು ಎದ್ದಾಗಲೆಲ್ಲ ಎಲಾಸ್ಟಿಕ್‌ಗೆ ಮಗುಚಿಕೊಳ್ಳಲು ದಾರಿಯಾಗುತ್ತದೆ. ಮೇಲಿನ ಮಡಿಕೆಯ ಏಣಿನ ಮೇಲೂ ಅಲಂಕಾರಕ್ಕೊಂದು ಹೊಲಿಗೆ ಬೇಕೆಂದರೆ ಅದು ತಿನ್ನುವ ಎರಡು ಮೂರು ಮಿಲಿಮೀಟರನ್ನು ಮೊದಲೇ ಸೇರಿಸಿಕೊಳ್ಳಿ.

ಎಲಾಸ್ಟಿಕ್‌ನ ಉದ್ದಕ್ಕೆ ಒಂದೇ ಸೂತ್ರ ಹೇಳುವವರನ್ನು ನಾನು ನಂಬುವುದಿಲ್ಲ. ನೇಯ್ದ, ಗಡಸಾದ ಎಲಾಸ್ಟಿಕ್ ಆದರೆ ಸೊಂಟಕ್ಕಿಂತ 5 ಸೆಂ.ಮೀ. ಕಡಿಮೆ, ಮೃದುವಾದ, ನಿಟ್ಟಿಂಗ್ ಹೆಣಿಗೆಯದಾದರೆ 8 ಸೆಂ.ಮೀ.ವರೆಗೆ ಕಡಿಮೆ ಎಂದು ಆರಂಭಿಸಿ, ಜೋಡಣೆಗೆ 2 ಸೆಂ.ಮೀ. ಸೇರಿಸಿ. ನಿಮಗೆ ಹಾಗೆ ನೋಡಿದರೆ 70ರಿಂದ 73ರ ನಡುವೆ ಬರುತ್ತದೆ. ಕತ್ತರಿಸುವ ಮೊದಲೇ ಅದನ್ನು ಸೊಂಟಕ್ಕೆ ಸುತ್ತಿ ಪಿನ್ ಹಾಕಿ, ಕುಳಿತು ನೋಡಿ, ಊಟವಾದ ಮೇಲೂ ನೋಡಿ. ಅದೇ ಸುತ್ತು ನಿತಂಬವನ್ನು ದಾಟುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. 71 ಸೆಂ.ಮೀ. ಇರುವ ಸುತ್ತು 102ಕ್ಕೆ ಹಿಗ್ಗಬೇಕಾದರೆ ತನ್ನ ಉದ್ದದ ಸುಮಾರು ಒಂದೂವರೆ ಪಟ್ಟು ಎಳೆಯಬೇಕಾಗುತ್ತದೆ, ಬಹಳ ಗಡಸಾದ ಕೆಲವು ಎಲಾಸ್ಟಿಕ್‌ಗಳು ಅಷ್ಟಕ್ಕೆ ಮುನಿಸಿಕೊಳ್ಳುತ್ತವೆ.

ಹೊಲಿಯುವ ಕ್ರಮ ಸರಳ. 80/12 ಸಂಖ್ಯೆಯ ಸೂಜಿ, ಪಾಲಿಯೆಸ್ಟರ್ ದಾರ, 2.5 ಮಿ.ಮೀ. ಹೊಲಿಗೆಯ ಉದ್ದ ಪಾಪ್ಲಿನ್‌ಗೆ ಸರಿಯಾಗುತ್ತವೆ. ಎರಡೂ ಬದಿಗಳನ್ನು ಹೊಲಿದು, ಹೊಲಿಗೆಯ ಅಂಚುಗಳನ್ನು ಇಸ್ತ್ರಿಯಿಂದ ಮಲಗಿಸಿ, ಮೇಲಿನ ಎಂಟು ಸೆಂಟಿಮೀಟರ್‌ನಷ್ಟು ಭಾಗದಲ್ಲಿ ಆ ಅಂಚುಗಳನ್ನು ಬಟ್ಟೆಗೇ ಕೈಹೊಲಿಗೆಯಿಂದ ಹಿಡಿಸಿಬಿಡಿ. ಹಾಗೆ ಮಾಡದಿದ್ದರೆ ಎಲಾಸ್ಟಿಕ್ ತೂರಿಸುವಾಗ ಪಿನ್ನು ಪ್ರತಿ ಬಾರಿಯೂ ಅದೇ ಅಂಚಿನ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮಡಿಕೆಯನ್ನು ಹೊಲಿಯುವಾಗ ಹಿಂಭಾಗದಲ್ಲಿ 5 ಸೆಂ.ಮೀ. ಬಾಯಿ ಬಿಡಿ. ಎಲಾಸ್ಟಿಕ್‌ನ ಮುಂತುದಿಗೆ ಒಂದು ದೊಡ್ಡ ಸೇಫ್ಟಿ ಪಿನ್ ಚುಚ್ಚಿ ತೂರಿಸುತ್ತ ಹೋಗಿ, ಹಿಂತುದಿಯನ್ನು ಇನ್ನೊಂದು ಪಿನ್ನಿನಿಂದ ಬಟ್ಟೆಗೆ ಕಟ್ಟಿಹಾಕಿ. ಕೊನೆಯ ಗಳಿಗೆಯಲ್ಲಿ ಅದು ಒಳಗೆ ನುಸುಳಿಕೊಂಡರೆ ಕೆಲಸವೆಲ್ಲ ಮೊದಲಿನಿಂದ ಆಗಬೇಕು. ಎಲಾಸ್ಟಿಕ್ ಎಲ್ಲಿಯೂ ತಿರುಚಿಲ್ಲವೆಂದು ಬೆರಳಿನಿಂದ ಸವರಿ ನೋಡಿದ ಮೇಲೆ ಎರಡು ತುದಿಗಳನ್ನು 2 ಸೆಂ.ಮೀ. ಒಂದರ ಮೇಲೊಂದಿಟ್ಟು, ಚೌಕಾಕಾರವಾಗಿ ಹೊಲಿದು, ಚೌಕದೊಳಗೆ ಕರ್ಣರೇಖೆಗಳಂತೆ ಎರಡು ಹೊಲಿಗೆ ಹಾಕಿ. ನೇರ ಹೊಲಿಗೆಯ ಯಂತ್ರದಲ್ಲಿ ಇದು ಸುಲಭವಾಗಿ ಆಗುತ್ತದೆ.

ಉತ್ತರ: ಅಳತೆಪಟ್ಟಿ

ಮೇಲಿನ ಉತ್ತರದ ಲೆಕ್ಕಗಳು ಸರಿಯಾಗಿವೆ. ಆದರೆ ಸೊಂಟ ಉಬ್ಬುವ ದೂರನ್ನು ಅದು ಅರ್ಧ ಮಾತ್ರ ಪರಿಹರಿಸುತ್ತದೆ. 153 ಸೆಂ.ಮೀ. ಬಟ್ಟೆಯನ್ನು 71 ಸೆಂ.ಮೀ. ಸುತ್ತಿಗೆ ಇಳಿಸುವುದೆಂದರೆ ಎರಡು ಪಟ್ಟಿಗೂ ಹೆಚ್ಚಿನ ನೆರಿಗೆ. ಪಾಪ್ಲಿನ್ ಅಷ್ಟು ನೆರಿಗೆಯನ್ನು ತಾಳುತ್ತದೆಯಾದರೂ ಸೊಂಟದಿಂದ ದೂರ ಸಿಡಿದು ನಿಲ್ಲುತ್ತದೆ. ಕೆಳಗೆ ಸುತ್ತು ಬೇಕು, ಮೇಲೆ ಬೇಡ ಎನ್ನುವವರು ಆಯತವನ್ನು ಬಿಟ್ಟು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಆಕಾರವನ್ನು ಕತ್ತರಿಸುವುದು ಒಳ್ಳೆಯದು. ಇದಕ್ಕೆ ಬೇಕಾಗುವ ಹೆಚ್ಚಿನ ಶ್ರಮವೆಂದರೆ ಎರಡು ಓರೆಗೆರೆಗಳನ್ನು ಎಳೆಯುವುದಷ್ಟೇ.

ನಿಮ್ಮ ಅಳತೆಗೆ ಮೇಲ್ತುದಿಯ ಸುತ್ತು 110 ಸೆಂ.ಮೀ. ಇಟ್ಟುಕೊಂಡರೆ ನಿತಂಬ ದಾಟಲು ಎಂಟು ಸೆಂಟಿಮೀಟರ್ ಸಡಿಲ ಸಿಗುತ್ತದೆ. ಆಗ ಪ್ರತಿ ತುಂಡು ಮೇಲಿನ ಮಡಿಕೆಯ ಗೆರೆಯಲ್ಲಿ 58, ಕೆಳ ತುದಿಯಲ್ಲಿ 80 ಸೆಂ.ಮೀ. ಅಗಲವಿರುತ್ತದೆ, ಎರಡು ಬದಿಗಳೂ ಹನ್ನೊಂದು ಸೆಂಟಿಮೀಟರ್‌ನಂತೆ ಹೊರಕ್ಕೆ ಓರೆಯಾಗುತ್ತವೆ. ಬಟ್ಟೆ ಮೊದಲಿನಷ್ಟೇ ಸಾಕು, ನೆರಿಗೆ ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ.

ಓರೆಯಾದ ಬದಿಯಿರುವಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ, ಇದನ್ನು ಹೇಳದೆ ಬಿಡುವವರೇ ಹೆಚ್ಚು. ಓರೆಗೆರೆಯನ್ನು ಮಡಿಕೆಯ ಗೆರೆಯ ಮೇಲಕ್ಕೂ ಹಾಗೆಯೇ ಮುಂದುವರಿಸಿದರೆ, ಮಡಿಸಿದಾಗ ಕಿರಿದಾದ ಅಂಚು ತನಗಿಂತ ಅಗಲವಾದ ಸ್ಕರ್ಟ್‌ನ ಭಾಗದ ಮೇಲೆ ಬಂದು ಕೂರುತ್ತದೆ. ಈ ಅಳತೆಯಲ್ಲಿ ಸುತ್ತು ಪೂರ್ತಿ ಸೇರಿ ಮೂರೂವರೆ ಸೆಂಟಿಮೀಟರ್‌ನಷ್ಟು ಕೊರತೆ ಬೀಳುತ್ತದೆ, ಬಟ್ಟೆ ಜಗ್ಗಿ ಸುಕ್ಕುಗಟ್ಟುತ್ತದೆ. ಅದಕ್ಕಾಗಿ ಮಡಿಕೆಯ ಗೆರೆಯಿಂದ ಮೇಲಿನ 4 ಸೆಂ.ಮೀ. ಭಾಗವನ್ನು ಕೆಳಗಿನ ಓರೆಯ ಕನ್ನಡಿ ಬಿಂಬದಂತೆ ಮತ್ತೆ ಹೊರಕ್ಕೆ ಅಗಲಗೊಳಿಸಿ ಕತ್ತರಿಸಬೇಕು. ಕಾಗದದ ಮೇಲೆ ಆಕಾರ ಬರೆದು, ಮಡಿಕೆಯ ಗೆರೆಯಲ್ಲಿ ಕಾಗದವನ್ನು ಮಡಿಸಿ, ಮಡಿಸಿದ ಸ್ಥಿತಿಯಲ್ಲೇ ಬದಿಯನ್ನು ಕತ್ತರಿಸಿದರೆ ಈ ಬಿಂಬ ತಾನಾಗಿ ಬರುತ್ತದೆ. ಕೆಳ ಅಂಚಿನ ಮಡಿಕೆಗೂ ಇದೇ ಉಪಾಯ ಸಲ್ಲುತ್ತದೆ, ಅಲ್ಲಿ ಓರೆ ಒಳಮುಖವಾಗುತ್ತದೆ ಅಷ್ಟೆ. ಓರೆಯಾದ ಬದಿ ನಡುವಿನ ಉದ್ದಕ್ಕಿಂತ ಮುಕ್ಕಾಲು ಸೆಂಟಿಮೀಟರ್‌ನಷ್ಟು ಉದ್ದವಾಗುವುದರಿಂದ ಕೆಳಗಿನ ಎರಡು ಮೂಲೆಗಳನ್ನು ಅಷ್ಟು ಮೇಲಕ್ಕೆತ್ತಿ, ನಡುವಿನವರೆಗೆ ಮೆಲ್ಲಗೆ ಬಾಗಿಸಿ ಕತ್ತರಿಸಿ. ಇಲ್ಲದಿದ್ದರೆ ಬದಿಗಳಲ್ಲಿ ಸ್ಕರ್ಟ್ ಜೋತುಬಿದ್ದಂತೆ ಕಾಣುತ್ತದೆ.

ಇನ್ನೊಂದು ಮಾತು. ಹಿಂಭಾಗ ತುಂಬಿಕೊಂಡಿರುವ ಮೈಕಟ್ಟಿನವರು ಎರಡೂ ತುಂಡುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದರೆ ಸ್ಕರ್ಟ್‌ನ ಹಿಂದಿನ ಅಂಚು ಮೇಲೇರಿ ನಿಲ್ಲುತ್ತದೆ. ಸೊಂಟಕ್ಕೆ ಒಂದು ದಾರ ಕಟ್ಟಿಕೊಂಡು, ಅಲ್ಲಿಂದ ನೆಲದವರೆಗೆ ಮುಂದೆ, ಪಕ್ಕದಲ್ಲಿ, ಹಿಂದೆ ಯಾರಿಂದಲಾದರೂ ಅಳೆಸಿ ನೋಡಿ. ಹಿಂದಿನ ಅಳತೆ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಹಿಂದಿನ ತುಂಡಿನ ಮೇಲ್ತುದಿಯ ನಡುವೆ ಸೇರಿಸಿ, ಬದಿಗಳಿಗೆ ಬರುವಾಗ ಸೊನ್ನೆಗೆ ಇಳಿಸಬೇಕು. ಹೊಟ್ಟೆ ಮುಂದಿರುವವರಿಗೆ ಇದೇ ತಿದ್ದುಪಡಿ ಮುಂದಿನ ತುಂಡಿಗೆ ಬೇಕಾಗಬಹುದು. ಹೊಲಿದ ಮೇಲೆ ಕೆಳ ಅಂಚನ್ನು ಕತ್ತರಿಸಿ ಸರಿಮಾಡುವ ಯೋಚನೆ ಬೇಡ. ಕೊರತೆಯಿರುವುದು ಮೇಲೆ, ಕೆಳಗೆ ಕತ್ತರಿಸಿದರೆ ಅಡ್ಡಪಟ್ಟಿಯ ಬಟ್ಟೆಯಲ್ಲಿ ಪಟ್ಟಿಗಳು ವಾಲಿರುವುದು ಹಾಗೆಯೇ ಉಳಿಯುತ್ತದೆ.

ಹೊಸಸೂಜಿ

ಇಬ್ಬರಿಗೂ ಕೃತಜ್ಞತೆಗಳು. ಓರೆ ಬದಿಯ ಆಕಾರವನ್ನೇ ಕತ್ತರಿಸಲು ನಿರ್ಧರಿಸಿದ್ದೇನೆ, ಕಾಗದದ ಮೇಲೆ ಬರೆದೂ ಆಯಿತು. ಇನ್ನೆರಡು ಸಂದೇಹಗಳಿವೆ. ಓವರ್‌ಲಾಕ್ ಇಲ್ಲದಿರುವುದರಿಂದ ಬದಿಯ ಹೊಲಿಗೆಯ ಎಳೆಗಳು ಬಿಚ್ಚದಂತೆ ಏನು ಮಾಡಬೇಕು? ಎರಡನೆಯದಾಗಿ, ಮೇಲಂಗಿಯನ್ನು ಒಳಗೆ ಸೇರಿಸಿ ಧರಿಸುವ ಅಭ್ಯಾಸವಿರುವುದರಿಂದ ಮುಂಭಾಗದ ನಡುವೆ ನೆರಿಗೆಯೇ ಇಲ್ಲದೆ ಸಮತಟ್ಟಾಗಿದ್ದರೆ ಚೆನ್ನ. ಎಲಾಸ್ಟಿಕ್ ಅನ್ನು ಹಿಂಭಾಗಕ್ಕೆ ಮಾತ್ರ ಹಾಕಲು ಸಾಧ್ಯವೇ?

ಉತ್ತರ: ಕಾಜಾಗುಂಡಿ

ಬದಿಯ ಹೊಲಿಗೆಗೆ ಫ್ರೆಂಚ್ ಹೊಲಿಗೆ ಹಾಕಿ; ನೇರ ಹೊಲಿಗೆಯ ಯಂತ್ರವಿರುವವರಿಗೆ ಅದಕ್ಕಿಂತ ಅಚ್ಚುಕಟ್ಟಾದ ದಾರಿ ಇಲ್ಲ. ಬಟ್ಟೆಯ ಒಳಮೈಗಳು ಎದುರುಬದುರಾಗುವಂತೆ ಇಟ್ಟು ಅಂಚಿನಿಂದ 6 ಮಿ.ಮೀ. ದೂರದಲ್ಲಿ ಹೊಲಿದು, ಅಂಚನ್ನು 3 ಮಿ.ಮೀ.ಗೆ ಕತ್ತರಿಸಿ, ಮಗುಚಿ ಇಸ್ತ್ರಿ ಹಾಕಿ, ಈಗ ಹೊರಮೈಗಳು ಎದುರುಬದುರಾದ ಸ್ಥಿತಿಯಲ್ಲಿ 9 ಮಿ.ಮೀ. ದೂರದಲ್ಲಿ ಮತ್ತೊಮ್ಮೆ ಹೊಲಿಯಿರಿ. ಕಚ್ಚಾ ಅಂಚು ಒಳಗೆ ಸೇರಿಹೋಗುತ್ತದೆ, ಮತ್ತು ಎರಡೂ ಸೇರಿ ನೀವು ಮೊದಲೇ ಬಿಟ್ಟಿರುವ ಒಂದೂವರೆ ಸೆಂಟಿಮೀಟರ್‌ನಲ್ಲೇ ಕೆಲಸ ಮುಗಿಯುತ್ತದೆ. ಆದರೆ ಬದಿಯಲ್ಲಿ ಜೇಬು ಇಡುವುದಾದರೆ ಫ್ರೆಂಚ್ ಹೊಲಿಗೆ ಸ್ವಲ್ಪ ತಲೆನೋವು ತರುತ್ತದೆ. ಮೊದಲ ಸ್ಕರ್ಟ್‌ಗೆ ಹೊರಗಿನಿಂದ ಇಟ್ಟು ಹೊಲಿಯುವ ಚೌಕದ ಜೇಬೇ ಸಾಕು.

ಮುಂಭಾಗ ಸಮತಟ್ಟಾಗಿರಬೇಕೆಂಬ ಆಸೆಗೆ ಲೆಕ್ಕವೊಂದು ಅಡ್ಡ ಬರುತ್ತದೆ. ಮುಂದಿನ ಅರ್ಧವನ್ನೆಲ್ಲ ಸಮತಟ್ಟಾಗಿ, ಅಂದರೆ 38 ಸೆಂ.ಮೀ. ಹಿಗ್ಗದ ಪಟ್ಟಿಯಾಗಿ ಬಿಟ್ಟರೆ, ಹಿಂದಿನ 38 ಸೆಂ.ಮೀ.ಗೆ ಬಿಗಿ ಬರಲು ಎಲಾಸ್ಟಿಕ್ 33ರಷ್ಟಿರಬೇಕು. ನಿತಂಬ ದಾಟುವಾಗ ಅದೇ ತುಂಡು 102ರಲ್ಲಿ 38 ಕಳೆದು ಉಳಿಯುವ 64 ಸೆಂ.ಮೀ.ಗೆ ಹಿಗ್ಗಬೇಕು. ಇದು ಹತ್ತಿರಹತ್ತಿರ ಎರಡು ಪಟ್ಟು. ಸೊಂಟಕ್ಕೆಂದು ಮಾಡಿದ ಗಡಸು ಎಲಾಸ್ಟಿಕ್‌ಗಳಲ್ಲಿ ಹಲವು ಅಲ್ಲಿಯವರೆಗೆ ಹೋಗುವುದಿಲ್ಲ, ಹೋದರೂ ಹೊಲಿಗೆಯ ದಾರ ಹರಿಯುತ್ತದೆ. ಸೊಂಟಕ್ಕೂ ನಿತಂಬಕ್ಕೂ ಹದಿನೈದು ಸೆಂಟಿಮೀಟರ್ ವ್ಯತ್ಯಾಸವಿರುವವರಿಗೆ ಇದು ತೊಂದರೆಯಲ್ಲ. ನಿಮ್ಮದು ಇಪ್ಪತ್ತಾರು.

ಆದ್ದರಿಂದ ನಡುವಿನ 26 ಸೆಂ.ಮೀ. ಮಾತ್ರ ಸಮತಟ್ಟಾಗಿರಲಿ. ಉಳಿದ 50 ಸೆಂ.ಮೀ.ಗೆ ಎಲಾಸ್ಟಿಕ್ 45 ಇದ್ದರೆ, ನಿತಂಬದ ಬಳಿ ಅದು 76ಕ್ಕೆ, ಅಂದರೆ ಒಂದೂಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ ಹಿಗ್ಗಿದರೆ ಸಾಕಾಗುತ್ತದೆ. ಮಾಡುವ ವಿಧಾನ ಹೀಗಿದೆ. ಮುಂದಿನ ತುಂಡಿನ ಮೇಲ್ತುದಿಯ ನಡುವೆ 26 ಸೆಂ.ಮೀ. ಗುರುತಿಸಿ, ಅಲ್ಲಿಯ ಮಡಿಕೆಯ ಒಳಮೈಗೆ ತೆಳುವಾದ ಇಸ್ತ್ರಿ ಕ್ಯಾನ್ವಾಸ್ (ಇಸ್ತ್ರಿಯ ಶಾಖಕ್ಕೆ ಅಂಟಿಕೊಳ್ಳುವ ಗಡಸು ಪದರ) ಅಂಟಿಸಿ. ಮಡಿಕೆಯನ್ನು ಉಳಿದ ಸುತ್ತಿನಲ್ಲೆಲ್ಲ ಹೊಲಿದು ಈ 26 ಸೆಂ.ಮೀ. ಭಾಗವನ್ನು ಹಾಗೆಯೇ ತೆರೆದಿಡಿ; ಎಲಾಸ್ಟಿಕ್ ತೂರಿಸುವ ಬಾಯಿಯೂ ಅದೇ ಆಗುತ್ತದೆ. ಎರಡು ತುದಿಗಳು ಒಂದೂವರೆ ಸೆಂಟಿಮೀಟರ್‌ನಷ್ಟು ಸಮತಟ್ಟು ಭಾಗದೊಳಕ್ಕೆ ಬರುವಂತೆ 48 ಸೆಂ.ಮೀ. ಎಲಾಸ್ಟಿಕ್ ಕತ್ತರಿಸಿ, ಗುರುತಿನ ಮೇಲೆ ಪಿನ್ ಹಾಕಿ, ಧರಿಸಿ ನೋಡಿದ ನಂತರ ಲಂಬವಾಗಿ ಎರಡು ಸಾಲು ಹೊಲಿದು ಕೊನೆಗೆ ಬಾಯಿ ಮುಚ್ಚಿ. ಈ ಮಾರ್ಪಾಡನ್ನು ಓರೆ ಬದಿಯ ಸ್ಕರ್ಟ್‌ಗೆ ಮಾತ್ರ ಮಾಡಿ. ಆಯತದ ಸ್ಕರ್ಟ್‌ಗೆ ಮಾಡಿದರೆ 127 ಸೆಂ.ಮೀ. ಬಟ್ಟೆ 45 ಸೆಂ.ಮೀ. ಎಲಾಸ್ಟಿಕ್ ಮೇಲೆ ಬಂದು ತುಂಬಿಕೊಳ್ಳುತ್ತದೆ, ಮುಂದೆ ತಪ್ಪಿಸಿದ ಉಬ್ಬು ಹಿಂದೆ ಇಮ್ಮಡಿಯಾಗುತ್ತದೆ.

ಮಡಿಕೆಯೊಳಗೆ ತೂರಿಸುವುದಕ್ಕಿಂತ ಎಲಾಸ್ಟಿಕ್ ಅನ್ನು ಬಟ್ಟೆಗೇ ನೇರವಾಗಿ ಹೊಲಿಯುವುದು ನನಗೆ ಹೆಚ್ಚು ಇಷ್ಟ ಎಂಬುದನ್ನೂ ಹೇಳಿಬಿಡುತ್ತೇನೆ. ಎಲಾಸ್ಟಿಕ್‌ನ ಸುತ್ತನ್ನೂ ಸ್ಕರ್ಟ್‌ನ ಸುತ್ತನ್ನೂ ಎಂಟೆಂಟು ಸಮಭಾಗ ಮಾಡಿ ಗುರುತಿಗೆ ಗುರುತು ಸೇರಿಸಿ, ಎಳೆದು ಹಿಡಿದು ಹೊಲಿದರೆ ನೆರಿಗೆಗಳು ಸುತ್ತಲೂ ಸಮನಾಗಿ ಕೂರುತ್ತವೆ, ಆಮೇಲೆ ಜನ್ಮದಲ್ಲಿ ಹೊರಳುವುದಿಲ್ಲ.

ಉತ್ತರ: ದಾರದುಂಡೆ

ಕೊನೆಯ ಮಾತಿಗೆ ನನ್ನ ತಕರಾರಿದೆ. ನೇರವಾಗಿ ಹೊಲಿದ ಎಲಾಸ್ಟಿಕ್ ಹೊರಳುವುದಿಲ್ಲವೆಂಬುದು ನಿಜ, ನೆರಿಗೆ ಸಮನಾಗಿರುತ್ತದೆಂಬುದೂ ನಿಜ. ಆದರೆ ಆ ಕೆಲಸಕ್ಕೆ ಜಿಗ್‌ಜಾಗ್ ಹೊಲಿಗೆಯಿದ್ದರೆ ಅನುಕೂಲ. ನೇರ ಹೊಲಿಗೆಯಲ್ಲಿ ಮಾಡುವುದಾದರೆ ಎಲಾಸ್ಟಿಕ್ ಅನ್ನು ಪೂರ್ತಿ ಎಳೆದ ಸ್ಥಿತಿಯಲ್ಲೇ ಹೊಲಿಗೆಯ ಉದ್ದವನ್ನು 3ರಿಂದ 3.5 ಮಿ.ಮೀ.ಗೆ ಏರಿಸಿ ಹೊಲಿಯಬೇಕು. ಎಳೆಯುವುದು ಒಂದಿಷ್ಟು ಕಡಿಮೆಯಾದರೂ ಧರಿಸುವಾಗ ದಾರ ಪಟಪಟನೆ ಹರಿಯುತ್ತದೆ, ಹೆಚ್ಚಾಗಿ ಹಿಂದಕ್ಕೆ ಜಗ್ಗಿದರೆ ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಮೊದಲ ಉಡುಪು ಹೊಲಿಯುವವರ ಕೈಗೆ ಈ ಹದ ಬರಲು ಕಾಲ ಬೇಕು. ಅದೂ ಅಲ್ಲದೆ ಸೂಜಿ ಚುಚ್ಚಿದ ಎಲಾಸ್ಟಿಕ್ ಸ್ವಲ್ಪ ಸಡಿಲಗೊಳ್ಳುತ್ತದೆ, ಮತ್ತು ಬಟ್ಟೆಗಿಂತ ಮೊದಲು ಎಲಾಸ್ಟಿಕ್ ಸೋಲುವುದೇ ಸಾಮಾನ್ಯವಾದ್ದರಿಂದ ಬದಲಿಸುವ ದಿನ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಮಡಿಕೆಯಾದರೆ ಐದು ಸೆಂಟಿಮೀಟರ್ ಹೊಲಿಗೆ ಬಿಚ್ಚಿ, ಹಳೆಯದರ ತುದಿಗೆ ಹೊಸದನ್ನು ಹೊಲಿದು ಎಳೆದರೆ ಸಾಕು.

ಹೊರಳುವುದನ್ನು ತಡೆಯಲು ಎಲಾಸ್ಟಿಕ್‌ನ ಆಯ್ಕೆಯೇ ಮುಖ್ಯ. ಕೈಯಲ್ಲಿರುವುದನ್ನು ಎಳೆದು ನೋಡಿ: ಎಳೆದಾಗ ಅಗಲ ಕುಗ್ಗಿ ಕಿರಿದಾದರೆ ಅದು ಜಡೆಯಂತೆ ಹೆಣೆದದ್ದು, ಸೊಂಟಕ್ಕೆ ಬೇಡ, ನಿಮ್ಮ ಹಳೆಯ ಸ್ಕರ್ಟ್‌ನಲ್ಲಿರುವುದೂ ಬಹುಶಃ ಅದೇ. ಎಳೆದರೂ ಅಗಲ ಬದಲಾಗದೆ, ಅಡ್ಡಲಾಗಿ ಮಡಿಸಿದರೆ ಪ್ರತಿಭಟಿಸುವ ನೇಯ್ದ ಎಲಾಸ್ಟಿಕ್ ಸೊಂಟಕ್ಕೆ ಹೇಳಿಮಾಡಿಸಿದ್ದು. ತೂರಿಸಿ ಜೋಡಿಸಿದ ಮೇಲೆ ನೆರಿಗೆಗಳನ್ನು ಕೈಯಿಂದ ಸಮನಾಗಿ ಹರಡಿ, ಎರಡು ಬದಿಯ ಹೊಲಿಗೆಗಳ ಸಂದಿನಲ್ಲಿ ಬಟ್ಟೆ ಮತ್ತು ಎಲಾಸ್ಟಿಕ್ ಎರಡನ್ನೂ ಹಿಡಿಯುವಂತೆ ಮೇಲಿನಿಂದ ಕೆಳಕ್ಕೆ ಒಂದೊಂದು ಹೊಲಿಗೆ, ಹಿಂಭಾಗದ ನಡುವೆ ಇನ್ನೊಂದು ಹೊಲಿಗೆ ಹಾಕಿದರೆ ಎಲಾಸ್ಟಿಕ್‌ಗೆ ಮಗುಚಿಕೊಳ್ಳಲು ಅವಕಾಶವೇ ಇರುವುದಿಲ್ಲ. ನೆರಿಗೆಗಳೂ ಒಂದೇ ಕಡೆಗೆ ಜಾರಿ ಗುಡ್ಡೆಯಾಗುವುದಿಲ್ಲ.

ಕೆಳ ಅಂಚಿನ ವಿಷಯದಲ್ಲಿ ಆತುರ ಬೇಡ. ಓರೆಯಾಗಿ ಕತ್ತರಿಸಿದ ಬದಿಗಳು ತಮ್ಮ ಭಾರಕ್ಕೆ ಸ್ವಲ್ಪ ಹಿಗ್ಗುವುದರಿಂದ, ಸೊಂಟದ ಕೆಲಸ ಮುಗಿದ ಸ್ಕರ್ಟನ್ನು ಒಂದು ರಾತ್ರಿ ನೇತುಹಾಕಿ, ಬೆಳಿಗ್ಗೆ ಧರಿಸಿಕೊಂಡು, ನೆಲದಿಂದ ಸಮಾನ ಎತ್ತರಕ್ಕೆ ಸುತ್ತಲೂ ಸೀಮೆಸುಣ್ಣದಿಂದ ಗುರುತು ಹಾಕಿಸಿಕೊಂಡು ಆಮೇಲೆ ಮಡಿಸಿ. ಯಂತ್ರದ ಹೊಲಿಗೆ ಹೊರಗೆ ಕಾಣುವುದು ಬೇಡವಾದರೆ ಕೈಯಿಂದ ಹೆಮ್ಮಿಂಗ್ ಮಾಡಿ, ದಾರವನ್ನು ಬಿಗಿಯಾಗಿ ಎಳೆಯಬೇಡಿ.

ಹೊಸಸೂಜಿ

ನನ್ನ ಬಳಿಯಿರುವ ಎಲಾಸ್ಟಿಕ್ ಎಳೆದಾಗ ಅಗಲ ಕುಗ್ಗುತ್ತದೆ, ಹಾಗಾಗಿ ನೇಯ್ದದ್ದನ್ನು ತರುತ್ತೇನೆ. ನಡುವೆ ಸಮತಟ್ಟು ಬಿಡುವ ವಿಧಾನದಲ್ಲಿ ಧರಿಸಿ ನೋಡಿದಾಗ 45 ಸೆಂ.ಮೀ. ಸರಿಯೆನಿಸಿದರೆ ಆ ಕ್ಷಣವೇ ಎರಡು ಸಾಲು ಹೊಲಿಗೆ ಹಾಕಿ ಬಾಯಿ ಮುಚ್ಚಬಹುದೇ?

ಉತ್ತರ: ಕಾಜಾಗುಂಡಿ

ಮುಚ್ಚಬೇಡಿ. ಎಲಾಸ್ಟಿಕ್ ಒಂಟಿಯಾಗಿದ್ದಾಗ ತೋರುವ ಬಿಗಿ ಮಡಿಕೆಯೊಳಗೆ ಹೋದ ಮೇಲೆ ಕಡಿಮೆಯಾಗುತ್ತದೆ, ಏಕೆಂದರೆ ಒತ್ತಾದ ನೆರಿಗೆಗಳು ಅದನ್ನು ಪೂರ್ತಿ ಕುಗ್ಗಲು ಬಿಡುವುದಿಲ್ಲ. ಮೊದಲ ಒಗೆತದ ನಂತರವೂ ಒಂದಿಷ್ಟು ವ್ಯತ್ಯಾಸ ಬರುತ್ತದೆ. ತುದಿಗಳನ್ನು ಒಂದೂವರೆ ಸೆಂಟಿಮೀಟರ್ ಬದಲು ಮೂರು ಸೆಂಟಿಮೀಟರ್ ಉದ್ದ ಬಿಟ್ಟು, ಗುರುತಿನ ಮೇಲೆ ಕೈಯಿಂದ ಬಲವಾದ ಕಚ್ಚಾ ಹೊಲಿಗೆ ಹಾಕಿ, ಬಾಯಿಯನ್ನೂ ಕಚ್ಚಾ ಹೊಲಿಗೆಯಿಂದ ಮುಚ್ಚಿ ಒಂದು ದಿನ ಪೂರ್ತಿ ಧರಿಸಿ, ಒಗೆಯಿರಿ. ಆಮೇಲೆ ಸಡಿಲವೆನಿಸಿದರೆ ಎರಡು ಕಡೆಯೂ ಸಮನಾಗಿ ಎಳೆದು, ಯಂತ್ರದ ಹೊಲಿಗೆ ಹಾಕಿ, ಹೆಚ್ಚಾದ ತುದಿಯನ್ನು ಕತ್ತರಿಸಬಹುದು.